ಹಂಚಿನ ಬೆನ್ನು

ಪದಕದ ಸುದ್ದಿ ಮೊದಲು ಬಂತು, ತಂತಿ ಆಮೇಲೆ.
ನಡುವೆ ಹನ್ನೊಂದು ವಾರ.
ಅಷ್ಟು ದಿನ ಬಲ್ಮಠದ ಗುಡ್ಡೆಯಲ್ಲಿ
ನಮ್ಮ ಅಜ್ಜಿ ಕ್ಯಾಪ್ಟನ್ನನ ತಾಯಿ;
ಮೀನಿನವಳೂ ಬುಟ್ಟಿ ಇಳಿಸಿ
ಒಂದು ಬಂಗುಡೆ ಹೆಚ್ಚಿಗೆ ಹಾಕಿ ಹೋಗುತ್ತಿದ್ದಳಂತೆ.

ಕಾಗದ ಇಂಗ್ಲಿಷಿನಲ್ಲಿತ್ತು.
ಭಾನುವಾರದ ಆರಾಧನೆ ಮುಗಿದ ಮೇಲೆ
ಸಭಾಪಾಲಕರು ಕನ್ನಡಕ ಒರೆಸಿ, ಕನ್ನಡ ಮಾಡಿ ಓದಿದರು:
ಇಟಲಿ ದೇಶದ ಒಂದು ಹೊಳೆಯ ದಂಡೆ. ಕತ್ತಲೆ.
ಕಂಪೆನಿಯ ಅರ್ಧ ಜನ ನೀರಿನಲ್ಲೇ ಉಳಿದಾಗ
ಕ್ಯಾಪ್ಟನ್ ಥಿಯೋಫಿಲ್ ಅಮ್ಮನ್ನ ಒಬ್ಬರೇ ತೆವಳಿ ಹೋಗಿ
ಮೆಷಿನ್‌ಗನ್ನಿನ ಗೂಡಿಗೆ ಎರಡು ಗ್ರೆನೇಡು ಎಸೆದು
ಅದರ ಬಾಯಿ ಮುಚ್ಚಿಸಿದರು. ಒಳಗೆ ಮೂವರು.

ಚಪ್ಪಾಳೆ ತಟ್ಟಲಿಲ್ಲ ಯಾರೂ, ದೇವಾಲಯ ನೋಡಿ.
ಬೆಂಚುಗಳು ಕಿರುಗುಟ್ಟಿದವು, ಅದೂ ಒಂದು ಬಗೆ.
ಅಜ್ಜಿ ಎದ್ದು ನಿಂತು ತುಳುವಿನಲ್ಲಿ ಕೇಳಿದಳಂತೆ:
"ಅಕುಲು ಏರ್?"
ಯಾರು ಅವರು, ಆ ಮೂವರು?
ಸಭಾಪಾಲಕರು ಕಾಗದ ತಿರುಗಿಸಿ ನೋಡಿದರು.
ಹಿಂಬದಿ ಖಾಲಿ.

ಕೇಳಲು ಕಾರಣ ಉಂಟು.
ಮೇಲಿನ ಬಂಗಲೆಯ ಜರ್ಮನ್ ಪಾದ್ರಿಯ ಮಗ ವಾಲ್ಟರ್
ಅಜ್ಜಿಯ ಕೈಯ ಪುಂಡಿ ತಿಂದು ಬೆಳೆದವ,
ತುಳುವಿನಲ್ಲೇ ಜಗಳ ಕಾಯುತ್ತಿದ್ದವ,
ಥಿಯೋಫಿಲನಿಗಿಂತ ನಾಲ್ಕೇ ತಿಂಗಳು ದೊಡ್ಡವ.
ಹತ್ತು ತುಂಬಿದ್ದೇ ಅವನನ್ನು
ಅವರ ದೇಶದ ಶಾಲೆಗೆಂದು ಹಡಗು ಹತ್ತಿಸಿದರು.
ಹೋಗುವ ಮೊದಲಿನ ಶನಿವಾರ ಇಬ್ಬರೂ
ಅಜ್ಜ ಮೇಸ್ತ್ರಿಯಾಗಿದ್ದ ಜೆಪ್ಪುವಿನ ಕಾರ್ಖಾನೆಗೆ ನುಗ್ಗಿ
ಅಚ್ಚಿನಿಂದ ಆಗಷ್ಟೇ ಬಿಡಿಸಿದ ಹಸಿ ಹಂಚಿನ ಬೆನ್ನಿಗೆ
ಹೆಬ್ಬೆರಳು ಒತ್ತಿದರು, ಒತ್ತೊತ್ತಿಗೆ, ಎರಡು.
ಅಜ್ಜ ಇಬ್ಬರ ಕಿವಿಯನ್ನೂ ಹಿಂಡಿದ.
ಹಂಚನ್ನು ಮಾತ್ರ ಕಲಸಿ ಮುದ್ದೆ ಮಾಡದೆ
ಉಳಿದವುಗಳ ಜೊತೆ ಆವೆಗೆ ಬಿಟ್ಟ.
ಯಾವ ಮಂಜಿ ಹತ್ತಿತೋ, ಯಾವ ಊರಿನ
ಮಾಡಿಗೆ ಏರಿತೋ. ಲೆಕ್ಕ ಯಾರಿಟ್ಟಿದ್ದಾರೆ.

ಯುದ್ಧ ಶುರುವಾದದ್ದೇ ಪೊಲೀಸರು ಬಂದು
ಪಾದ್ರಿಯನ್ನು ಶತ್ರು ಎಂದು ಕರೆದುಕೊಂಡು ಹೋದರು.
ಅವರ ಹಾರ್ಮೋನಿಯಂ ನಮ್ಮ ಜಗಲಿಯಲ್ಲಿ ಉಳಿಯಿತು.
ಮುಂದಿನ ವರ್ಷ ಥಿಯೋಫಿಲ್ ಸೈನ್ಯಕ್ಕೆ ಹೆಸರು ಕೊಟ್ಟ.

ಕೊನೆಯ ಕಾಗದ ನನ್ನ ಅಮ್ಮನಿಗೆ, ಅವನ ತಂಗಿಗೆ, ಪೆನ್ಸಿಲಿನಲ್ಲಿ.
ಪದಕದ ಮಾತೇ ಇಲ್ಲ.
"ಇಲ್ಲಿಯೂ ಮನೆಗಳಿಗೆ ಹಂಚು. ಸೀಳಿದ ಕೊಳವೆಯ ಹಾಗೆ,
ನಮ್ಮದರಷ್ಟು ಚೆಂದ ಇಲ್ಲ, ಅಪ್ಪನಿಗೆ ಹೇಳು.
ನಿನ್ನೆ ಮಾಡು ಹಾರಿಹೋದ ಒಂದು ಹಟ್ಟಿಯಲ್ಲಿ ಮಲಗಿದೆವು.
ಬಿದ್ದ ಹಂಚುಗಳನ್ನು ಒಂದೊಂದೇ ತಿರುಗಿಸಿ ನೋಡಿದೆ, ಮರುಳು.
ಒಂದರ ಬೆನ್ನಲ್ಲಿ ನಾಯಿಯ ಪಾದ ಇತ್ತು.
ಏನು ಹುಡುಕುತ್ತೀರಿ ಸಾಹೇಬರೇ, ಎಂದರು ಸುಬೇದಾರರು.
ಎಂತ ಹೇಳುವುದು?"

ತಂತಿಯ ಬಗ್ಗೆ ನಮ್ಮ ಮನೆಯಲ್ಲಿ ಕತೆ ಇಲ್ಲ.
ಯಾರು ಇಸಕೊಂಡರು, ಯಾರು ಓದಿದರು,
ಅಮ್ಮ ಮಾತು ಅಲ್ಲಿಗೆ ಬಂದಾಗಲೆಲ್ಲ
ಒಲೆಯಲ್ಲಿ ಏನೋ ಇದ್ದವಳ ಹಾಗೆ ಎದ್ದು ಹೋಗುತ್ತಿದ್ದಳು.
ಯುದ್ಧ ಮುಗಿದ ಮೇಲೆ ಅಜ್ಜಿ
ಪಾದ್ರಿಯ ಹಳೆಯ ವಿಳಾಸಕ್ಕೆ ಮೂರು ಕಾಗದ ಬರೆಸಿದಳು.
ಎರಡು ತಿರುಗಿ ಬಂದವು.

ಈಗ ಕಂಕನಾಡಿಯಲ್ಲಿ, ಕದ್ರಿಯಲ್ಲಿ, ದಿನಕ್ಕೊಂದು ಮನೆ ಬೀಳುತ್ತದೆ.
ಗುಜರಿಯ ಹಸನಬ್ಬನ ಅಂಗಳದಲ್ಲಿ ಹಂಚಿನ ರಾಶಿ.
ನಾನು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮಗುಚುತ್ತೇನೆ.
ಪಾಚಿ. ಹಲ್ಲಿಮೊಟ್ಟೆಯ ಸಿಪ್ಪೆ.
ಮಣ್ಣು ಬೆಂದರೆ ಕುಗ್ಗುತ್ತದೆ, ಎನ್ನುತ್ತಿದ್ದ ಅಜ್ಜ,
ಹತ್ತಕ್ಕೆ ಒಂದು ಪಾಲು.
ಹತ್ತು ವರ್ಷದ ಹೆಬ್ಬೆರಳು
ಆವೆಯಿಂದ ಹೊರಬರುವಾಗ ಒಂಬತ್ತರದ್ದು.

"ಬೇಗ ನೋಡಿ," ಎನ್ನುತ್ತಾನೆ ಹಸನಬ್ಬ,
"ಲಾರಿ ಬರ್ತದೆ."